ಒಮ್ಮೆ ಸಹಿ ಹಾಕಿದರು, ಒಮ್ಮೆ ಹಾಕಲಿಲ್ಲ, ಆಮೇಲೆ ಮಠ ಸೇರಿದರು: ಚೀನಾದ ಲು ಝೆಂಗ್‌ಶಿಯಾಂಗ್

ನಿವೃತ್ತ ಕ್ಯಾಷಿಯರ್

ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕೂತಿದ್ದೆ. ನನ್ನ ಕೆಲಸ ಅಂದರೆ ಸಹಿ ನೋಡುವುದು. ಚೆಕ್ಕಿನ ಸಹಿಯನ್ನು ಕಾರ್ಡಿನ ಸಹಿಯ ಜೊತೆ ತಾಳೆ ಹಾಕುವುದು, ಅನುಮಾನ ಬಂದರೆ ಮತ್ತೊಮ್ಮೆ ಹಾಕಿಸುವುದು. ಬೇರೆಯವರ ಸಾಲಕ್ಕೆ ಷೂರಿಟಿ ಸಹಿ ಹಾಕಲು ಬಂದವರನ್ನು ನೋಡಬೇಕು ನೀವು. ಪೆನ್ನು ಹಿಡಿದು ಒಂದು ಗಳಿಗೆ ಗೋಡೆ ನೋಡುತ್ತಾರೆ. ಆಮೇಲೆ ಹಾಕುತ್ತಾರೆ. ಹಾಕದೆ ಎದ್ದು ಹೋದವರನ್ನು ಅಷ್ಟು ವರ್ಷದಲ್ಲಿ ನಾನು ಕಂಡಿದ್ದು ನಾಲ್ಕೈದು ಜನ, ಅಷ್ಟೇ.

ಅದಕ್ಕೇ ಇರಬೇಕು, ಲು ಝೆಂಗ್‌ಶಿಯಾಂಗ್ ಎಂಬ ಚೀನೀ ರಾಯಭಾರಿಯ ಕಥೆ ಓದಿದಾಗ ಬಿಡಲು ಆಗಲಿಲ್ಲ. 1915ರಲ್ಲಿ ಜಪಾನಿನ ಬೇಡಿಕೆಗಳಿಗೆ ಸಹಿ ಹಾಕಿ ದೇಶದ್ರೋಹಿ ಅನ್ನಿಸಿಕೊಂಡವರು ಇವರೇ. 1919ರಲ್ಲಿ ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಜೊತೆ ಆದ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಹಾಕದೆ ಉಳಿದ ಚೀನೀ ತಂಡದ ಮುಖ್ಯಸ್ಥರೂ ಇವರೇ. ಎಂಟು ವರ್ಷ ಕಳೆಯುವಷ್ಟರಲ್ಲಿ ಬೆಲ್ಜಿಯಂನ ಒಂದು ಕ್ರೈಸ್ತ ಮಠದಲ್ಲಿ ಕಪ್ಪು ನಿಲುವಂಗಿ ತೊಟ್ಟು, ಹುಡುಗರ ಜೊತೆ ಕೂತು ಲ್ಯಾಟಿನ್ ಕಲಿಯುತ್ತಿದ್ದರು. ಪ್ರಧಾನಿಯಾಗಿದ್ದವರು ಮಾರಾಯ್ರೇ!

ಯಾರಿಗಾದರೂ ಆಸಕ್ತಿ ಇದೆಯಾ? ಇದ್ದರೆ ಮುಂದುವರಿಸುತ್ತೇನೆ.

ಸುಮ್ನೆ ಓದೋಳು

ಇದೆ ಸರ್, ಬರೀರಿ. ಪ್ರಧಾನಿ ಸನ್ಯಾಸಿ ಆಗಿದ್ದು ಅಂದ್ರೆ ಕೇಳದೆ ಇರೋಕಾಗುತ್ತಾ?

ನಿವೃತ್ತ ಕ್ಯಾಷಿಯರ್

ಸರಿ ತಾಯಿ, ಮೊದಲಿಂದ ಹೇಳುತ್ತೇನೆ.

ಹುಟ್ಟಿದ್ದು 1871, ಶಾಂಘೈ. ಅಪ್ಪ ಲಂಡನ್ ಮಿಷನರಿ ಸೊಸೈಟಿಗೆ ಕೆಲಸ ಮಾಡುತ್ತಿದ್ದ ಪ್ರಾಟೆಸ್ಟೆಂಟ್ ಉಪದೇಶಿ. ಅಮ್ಮ ಬೇಗ ತೀರಿಕೊಂಡರು. ಆ ಕಾಲದಲ್ಲಿ ಮರ್ಯಾದಸ್ಥ ಮನೆಯ ಹುಡುಗರು ಕನ್‌ಫ್ಯೂಶಿಯಸ್ ಗ್ರಂಥಗಳನ್ನು ಉರುಹೊಡೆದು ಸರ್ಕಾರಿ ಪರೀಕ್ಷೆ ಕಟ್ಟುತ್ತಿದ್ದರು. ಈ ಹುಡುಗನನ್ನು ಕಳಿಸಿದ್ದು ವಿದೇಶಿ ಭಾಷೆ ಕಲಿಸುವ ಶಾಲೆಗೆ. ಮೊದಲು ಶಾಂಘೈ, ಆಮೇಲೆ ಬೀಜಿಂಗ್. ಕಲಿತಿದ್ದು ಫ್ರೆಂಚ್. ಊರವರ ಕಣ್ಣಲ್ಲಿ ಅದು ಪರದೇಶಿಗಳ ಚಾಕರಿಯ ವಿದ್ಯೆ.

1893ರಲ್ಲಿ ದುಭಾಷಿ ಕೆಲಸ ಸಿಕ್ಕಿತು, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಅಲ್ಲಿ ರಾಯಭಾರಿ ಆಗಿದ್ದವರು ಶು ಜಿಂಗ್‌ಚೆಂಗ್. ಲು ಬದುಕಿಡೀ 'ನನ್ನ ಗುರು' ಎಂದು ಕರೆದದ್ದು ಇವರನ್ನು. ಯುರೋಪಿನ ಶಕ್ತಿ ಇರುವುದು ಅದರ ತೋಪಿನಲ್ಲಲ್ಲ, ವಿಜ್ಞಾನದಲ್ಲೂ ಅಲ್ಲ, ಧರ್ಮದಲ್ಲಿ, ಅದರ ಬೇರು ಎಲ್ಲಿದೆ ಹುಡುಕಿ ನೋಡು, ಸಿಕ್ಕರೆ ಚೀನಾಕ್ಕೆ ತೆಗೆದುಕೊಂಡು ಹೋಗು ಎಂದು ಈ ಗುರು ಹೇಳಿದ್ದರು. ಹೇಳಿದವರು ಕ್ರೈಸ್ತರಲ್ಲ, ಹಳೇ ಕಾಲದ ಕನ್‌ಫ್ಯೂಶಿಯನ್ ಪಂಡಿತರು. ಇದು ನನಗೆ ಈಗಲೂ ಸೋಜಿಗ.

ಗುರುವಿನ ಕೊನೆ ಮಾತ್ರ ಕೆಟ್ಟದಾಗಿ ಆಯಿತು. 1900ರಲ್ಲಿ ಬಾಕ್ಸರ್ ದಂಗೆ, ವಿದೇಶಿಯರ ವಿರುದ್ಧ ಎದ್ದದ್ದು. ವಿದೇಶಿ ರಾಯಭಾರ ಕಚೇರಿಗಳ ಮೇಲೆ ಮುಗಿಬೀಳುವುದು ಹುಚ್ಚುತನ, ಎಲ್ಲ ದೇಶಗಳನ್ನೂ ಒಟ್ಟಿಗೆ ಎದುರು ಹಾಕಿಕೊಳ್ಳಬೇಡಿ ಎಂದು ಆಸ್ಥಾನದಲ್ಲಿ ಹೇಳಿದರು. ಜುಲೈ 28ಕ್ಕೆ ಬೀಜಿಂಗ್‌ನಲ್ಲಿ ಅವರ ತಲೆ ಕಡಿದರು. ಮಾರನೇ ವರ್ಷ ಅದೇ ಸರ್ಕಾರ ಅವರು ನಿರ್ದೋಷಿ ಅಂತ ಘೋಷಿಸಿ ಪದವಿ ಎಲ್ಲ ವಾಪಸ್ ಕೊಟ್ಟಿತು. ತಲೆ ವಾಪಸ್ ಬರುತ್ತಾ?

ಇತಿಹಾಸ ಮೇಷ್ಟ್ರು

ಚೆನ್ನಾಗಿ ಶುರು ಮಾಡಿದ್ದೀರಿ. ಸಹಿಯ ಕಣ್ಣಿನಿಂದಲೇ ನೋಡುವುದಾದರೆ ನಡುವೆ ಒಬ್ಬರನ್ನು ಬಿಟ್ಟಿರಿ. ಶು ಆದ ಮೇಲೆ ಪೀಟರ್ಸ್‌ಬರ್ಗ್‌ಗೆ ರಾಯಭಾರಿಯಾಗಿ ಬಂದವರು ಯಾಂಗ್ ರು. ಲು ಅವರ ಕೈಕೆಳಗೂ ದುಭಾಷಿ.

ಬಾಕ್ಸರ್ ಗಲಾಟೆಯ ನೆಪದಲ್ಲಿ ರಷ್ಯಾ ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾವನ್ನು ನುಂಗಿ ಕೂತಿತ್ತು. ಅದನ್ನು ಕಾಗದದ ಮೇಲೆ ಸಕ್ರಮ ಮಾಡಿಕೊಳ್ಳಲು 1901ರಲ್ಲಿ ಯಾಂಗ್ ರು ಅವರನ್ನು ಕೂರಿಸಿಕೊಂಡು ಸಹಿ ಹಾಕಿ ಅಂತ ಪೀಡಿಸಿತು. ಹಣಕಾಸು ಮಂತ್ರಿ ವಿಟ್ಟೆ ಒಂದು ಕಡೆ, ವಿದೇಶಾಂಗ ಮಂತ್ರಿ ಲಾಮ್ಸ್‌ಡಾರ್ಫ್ ಇನ್ನೊಂದು ಕಡೆ. ಬೀಜಿಂಗ್‌ನಿಂದ ಸ್ಪಷ್ಟ ಆದೇಶ ಇಲ್ಲ. ಮುದುಕ ಹಾಕಲಿಲ್ಲ. ಅದೇ ದಿನಗಳಲ್ಲಿ ಜಾರಿ ಬಿದ್ದು ಪೆಟ್ಟು ಮಾಡಿಕೊಂಡು ಹಾಸಿಗೆ ಹಿಡಿದರು, 1902ರಲ್ಲಿ ಅಲ್ಲೇ ತೀರಿಕೊಂಡರು.

ಲುಗೆ ಆಗ ಮೂವತ್ತು. ಒಬ್ಬ ಗುರು ಸತ್ಯ ಹೇಳಿ ತಲೆ ಕಳೆದುಕೊಂಡರು, ಒಬ್ಬ ಹಿರಿಯರು ಸಹಿ ಹಾಕದೆ ಪ್ರಾಣ ಬಿಟ್ಟರು. ಇವೆರಡನ್ನೂ ಹತ್ತಿರದಿಂದ ಕಂಡವರು ಮುಂದೆ ಏನು ಮಾಡಿದರು ಅನ್ನುವುದೇ ಕಥೆ.

ನಿವೃತ್ತ ಕ್ಯಾಷಿಯರ್

ಮೇಷ್ಟ್ರೇ, ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಥ್ಯಾಂಕ್ಸ್.

ತೀರ್ಥಳ್ಳಿ ಹುಡುಗ

ಮದುವೆ ಗಿದುವೆ ಇಲ್ವಾ? ಸೀದಾ ಸನ್ಯಾಸವೇ?

ನಿವೃತ್ತ ಕ್ಯಾಷಿಯರ್

ತಮ್ಮಾ, ಸನ್ಯಾಸಕ್ಕೆ ದಾರಿ ಮದುವೆಯಿಂದಲೇ ಹೋಗುತ್ತದೆ, ತಾಳು.

ಪೀಟರ್ಸ್‌ಬರ್ಗ್‌ನಲ್ಲೇ ಬರ್ತ್ ಬೋವಿ ಎಂಬ ಬೆಲ್ಜಿಯಂ ಮಹಿಳೆಯ ಪರಿಚಯ. ಸೇನಾಧಿಕಾರಿಗಳ ಮನೆತನ, ಕ್ಯಾಥೋಲಿಕ್. ಲುಗಿಂತ ಸುಮಾರು ಹದಿನಾರು ವರ್ಷ ದೊಡ್ಡವರು. ಮೇಲಧಿಕಾರಿಗಳು ಬೇಡ ಅಂದರು. ವಿದೇಶಿ ಹೆಂಡತಿ ಕಟ್ಟಿಕೊಂಡ ರಾಯಭಾರಿಗೆ ಬಡ್ತಿ ಎಲ್ಲಿ? ಇವರು ಕೇಳಲಿಲ್ಲ. 1899ರ ಫೆಬ್ರವರಿಯಲ್ಲಿ ಮದುವೆ ಆಯಿತು.

ಗುರು ಶು ಆಗ ಇನ್ನೂ ಬದುಕಿದ್ದರು. ಸುದ್ದಿ ತಿಳಿದು ತಮಾಷೆ ಮಾಡಿದರಂತೆ: ವಿದೇಶಿ ವಿದ್ಯೆಯನ್ನು ಪೂರ್ತಿ ಕಲಿತೆಯಪ್ಪ, ಹೆಂಡತಿಯನ್ನೂ ಅಲ್ಲಿಂದಲೇ ತಂದೆ, ನಾಳೆ ಮಕ್ಕಳಾಗದೆ ಅವಳೂ ನಿನಗಿಂತ ಮೊದಲೇ ಹೋದರೆ ಅವರ ಮಠಕ್ಕೂ ಸೇರಿಬಿಡು. ಸ್ವಂತ ಮಕ್ಕಳಾಗಲಿಲ್ಲ. ಹೆಂಡತಿಯೂ ಮೊದಲೇ ಹೋದರು. ಹಿರಿಯರ ಬಾಯಿಂದ ತಮಾಷೆಗೂ ಮಾತು ಬೀಳಬಾರದು ಅಂತ ನಮ್ಮಜ್ಜಿ ಹೇಳುತ್ತಿದ್ದರು.

ಲು ಕ್ಯಾಥೋಲಿಕ್ ಆದದ್ದು 1911ರಲ್ಲಿ. ಮದುವೆಯಾಗಿ ಹನ್ನೆರಡು ವರ್ಷದ ಮೇಲೆ. ಹೆಂಡತಿ ಒಂದು ದಿನವೂ ಒತ್ತಾಯ ಮಾಡಿರಲಿಲ್ಲ ಎಂದು ಮುಂದೆ ತಾವೇ ಬರೆದುಕೊಂಡಿದ್ದಾರೆ.

ನಡುವೆ 1907ರ ಹೇಗ್ ಶಾಂತಿ ಸಮ್ಮೇಳನದಲ್ಲಿ ಚೀನಾದ ಪ್ರತಿನಿಧಿ. ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಂದು ಯೋಜನೆ ಬಂತು. ಅದರಲ್ಲಿ ಚೀನಾವನ್ನು ಮೂರನೇ ದರ್ಜೆ ದೇಶ ಅಂತ ಲೆಕ್ಕ ಹಾಕಿದ್ದರು. ಎದ್ದು ನಿಂತು ವಿರೋಧಿಸಿದರು. ಸುಮ್ಮನೆ ತಲೆ ಆಡಿಸುವ ಆಸಾಮಿ ಆಗಿರಲಿಲ್ಲ ಅನ್ನುವುದಕ್ಕೆ ಹೇಳಿದೆ.

ಚಹಾಪ್ರಿಯ

ಪ್ರಧಾನಿ ಆದದ್ದು ಯಾವಾಗ? ಎಷ್ಟು ದಿನ?

ಇತಿಹಾಸ ಮೇಷ್ಟ್ರು

ಈ ಭಾಗ ನನಗೆ ಬಿಡಿ, ಕ್ಲಾಸಿನಲ್ಲಿ ಹೇಳಿದಾಗೆಲ್ಲ ಹುಡುಗರು ನಗುತ್ತಿದ್ದರು.

1912. ಚಕ್ರವರ್ತಿಯ ಆಳ್ವಿಕೆ ಮುಗಿದು ಗಣರಾಜ್ಯ ಬಂತು. ಅಧ್ಯಕ್ಷ ಯುವಾನ್ ಶಿಕಾಯ್. ಲು ಮೊದಲು ವಿದೇಶಾಂಗ ಮಂತ್ರಿ. ಆ ಇಲಾಖೆಯಲ್ಲಿ ಒಳ್ಳೆ ಕೆಲಸ ಮಾಡಿದರು. ಶಿಫಾರಸಿನ ಮೇಲೆ ಬಂದು ಕೂತಿದ್ದವರನ್ನು ಮನೆಗೆ ಕಳಿಸಿ, ವಿದೇಶಿ ಭಾಷೆ ಬಲ್ಲ ಹುಡುಗರನ್ನು ತುಂಬಿದರು. ಜೂನ್ ಕೊನೆಗೆ ಪ್ರಧಾನಿ ಪಟ್ಟವೂ ತಲೆಗೆ ಬಂತು. ಜುಲೈ 18ರಂದು ಶಾಸನಸಭೆಗೆ ಹೋಗಿ ಆರು ಮಂತ್ರಿಗಳ ಹೆಸರು ಮುಂದಿಟ್ಟು ಭಾಷಣ ಮಾಡಬೇಕು. ಇಪ್ಪತ್ತು ವರ್ಷ ಯುರೋಪಿನಲ್ಲಿ ಇದ್ದವರು. ದೊಡ್ಡ ಮಾತು ಬೇಡ, ಸರಳವಾಗಿ ಹೇಳೋಣ ಅಂದುಕೊಂಡರು. ನನಗೆ ಔತಣ ಕೂಟ ಆಗಿಬರುವುದಿಲ್ಲ, ಸಂಪುಟ ಕಟ್ಟುವುದು ಅಂದರೆ ಹುಟ್ಟುಹಬ್ಬಕ್ಕೆ ಅಡುಗೆ ಪಟ್ಟಿ ಬರೆದ ಹಾಗೆ, ಅನ್ನುವ ಧಾಟಿಯಲ್ಲಿ ಮಾತಾಡಿದರು.

ಸಭೆ ದಂಗಾಯಿತು. ದೇಶ ಹೊತ್ತಿ ಉರಿಯುತ್ತಿದೆ, ಈ ಮನುಷ್ಯ ಊಟದ ಪಟ್ಟಿ ಓದುತ್ತಾನೆ! ಮಾರನೇ ದಿನ ಆರಕ್ಕೆ ಆರೂ ಹೆಸರುಗಳನ್ನು ತಳ್ಳಿಹಾಕಿದರು. ಪ್ರಧಾನಿಗಳು ಕಾಯಿಲೆ ಅಂತ ಆಸ್ಪತ್ರೆ ಸೇರಿದರು. ಸೆಪ್ಟೆಂಬರಿಗೆ ಕಥೆ ಮುಗಿಯಿತು.

ಚಹಾಪ್ರಿಯ

ಹಹ್ಹಾ. ನಮ್ಮ ಕಡೆ ಆಗಿದ್ರೆ ಊಟದ ಪಟ್ಟಿಗೆ ಚಪ್ಪಾಳೆ ಬೀಳ್ತಿತ್ತು.

ಒರಟು ಮಾತು

ಎಲ್ಲರೂ ಹೊಗಳ್ತಿದ್ದೀರಿ, ಅದಕ್ಕೆ ಒಂದು ಕಹಿ ಮಾತು ಹಾಕ್ತೀನಿ. ಈ ಮನುಷ್ಯನಿಗೆ ಕಷ್ಟ ಬಂದಾಗೆಲ್ಲ ಕಾಯಿಲೆ ಬರುತ್ತೆ, ಗಮನಿಸಿದ್ರಾ? 1912ರಲ್ಲಿ ಆಸ್ಪತ್ರೆ. 1919ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಆಸ್ಪತ್ರೆ. ನಡುವೆ 1915ರಲ್ಲಿ ಮಾತ್ರ ಗಟ್ಟಿಮುಟ್ಟಾಗಿ ಕೂತು ದೇಶ ಬರೆದುಕೊಟ್ಟರು. ಮೇ 9 ಆಮೇಲೆ ಚೀನಾದಲ್ಲಿ ರಾಷ್ಟ್ರೀಯ ಅವಮಾನದ ದಿನ ಆಗಿದ್ದು ಇವರ ಕಾಲದ ಪುಣ್ಯದಿಂದ.

ನಿವೃತ್ತ ಕ್ಯಾಷಿಯರ್

ಕಾಯಿಲೆ ವಿಷಯ ಒಪ್ಪಿದೆ. ನನಗೂ ಅದು ಕಿರಿಕಿರಿಯೇ. ಆದರೆ 1915ರಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಿ.

ಮಹಾಯುದ್ಧ ನಡೆಯುತ್ತಿದೆ. ಯುರೋಪಿನವರಿಗೆ ಪುರುಸೊತ್ತಿಲ್ಲ. ಶಾಂದೋಂಗ್ ಪ್ರಾಂತ್ಯದಲ್ಲಿ ಜರ್ಮನಿಯ ಕೈಲಿದ್ದ ಚಿಂಗ್‌ದಾವ್ ಬಂದರನ್ನು ಜಪಾನ್ ಆಗಲೇ ಕಿತ್ತುಕೊಂಡಿತ್ತು. 1915ರ ಜನವರಿ 18ರ ರಾತ್ರಿ ಜಪಾನಿನ ರಾಯಭಾರಿ ಹಿಯೋಕಿ ಎಕಿ ನೇರವಾಗಿ ಅಧ್ಯಕ್ಷರ ಬಳಿಗೇ ಹೋಗಿ ಇಪ್ಪತ್ತೊಂದು ಬೇಡಿಕೆಗಳ ಪಟ್ಟಿ ಕೊಟ್ಟರು. ಯಾರಿಗೂ ಹೇಳಬೇಡಿ ಅನ್ನುವ ಷರತ್ತು ಬೇರೆ. ಬೇಡಿಕೆಗಳು ಐದು ಗುಂಪು. ಐದನೆಯದರಲ್ಲಿ ಚೀನಾ ಸರ್ಕಾರಕ್ಕೆ ಜಪಾನಿ ಸಲಹೆಗಾರರು, ಪೊಲೀಸಿನಲ್ಲಿ ಪಾಲು, ಆಯುಧಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಜಪಾನಿನಿಂದ ಕೊಳ್ಳಬೇಕು ಅಂತೆಲ್ಲ ಇತ್ತು. ಒಪ್ಪಿದ್ದರೆ ಅಲ್ಲಿಗೆ ಸ್ವತಂತ್ರ ದೇಶ ಅನ್ನುವುದೇ ಮುಗಿಯುತ್ತಿತ್ತು.

ಆಗ ಯುವಾನ್ ಮಂತ್ರಿ ಬದಲಿಸಿ ಲು ಅವರನ್ನು ಮತ್ತೆ ಕರೆದರು. ಕೈಯಲ್ಲಿ ಸೈನ್ಯ ಇಲ್ಲ, ದುಡ್ಡಿಲ್ಲ. ಇದ್ದದ್ದು ಕಾಲ ಒಂದೇ. ಜಪಾನಿನವರು ದಿನಾ ಸಭೆ ಸೇರೋಣ ಅಂದರು. ಇವರು, ನನಗೆ ಬೇರೆ ಕೆಲಸವೂ ಇದೆ, ವಾರಕ್ಕೆ ಮೂರು ಸಾಕು ಅಂದರು. ಸಭೆಗೆ ಬಂದವರಿಗೆ ಮೊದಲು ಚಹಾ. ಆ ಚಹಾ ಮುಗಿಯುವುದೇ ಇಲ್ಲ. ಸರ್ಕಾರಿ ಕಚೇರಿಯಲ್ಲಿ ಫೈಲ್ ಹಿಡಿದು ಕೂರಿಸುವುದನ್ನು ನಾವೆಲ್ಲ ಬೈಯುತ್ತೇವೆ. ಇಲ್ಲಿ ಅದೇ ವಿದ್ಯೆ ದೇಶ ಕಾಯುವ ಕೆಲಸ ಮಾಡಿತು!

ನಡುವೆ ಹಿಯೋಕಿ ಕುದುರೆಯಿಂದ ಬಿದ್ದು ಪೆಟ್ಟು ಮಾಡಿಕೊಂಡರು. ಅಬ್ಬಾ, ಸ್ವಲ್ಪ ದಿನ ಬಿಡುವು ಅಂದುಕೊಂಡರೆ ಅದೂ ಇಲ್ಲ. ಅವರ ಹಾಸಿಗೆ ಪಕ್ಕದಲ್ಲೇ ಕುರ್ಚಿ ಹಾಕಿಸಿ ಮಾತುಕತೆ ಮುಂದುವರಿಸಿದರು. ಹೀಗೆ ಇಪ್ಪತ್ತೈದು ಸಭೆ ನಡೆದವು. ಅಷ್ಟರಲ್ಲಿ ಗುಟ್ಟಾಗಿರಬೇಕಿದ್ದ ಪಟ್ಟಿ ಅಮೆರಿಕ, ಬ್ರಿಟನ್ ರಾಯಭಾರಿಗಳ ಕಿವಿಗೆ ಬಿದ್ದಿತ್ತು. ಬೀಳಿಸಿದವರು ಲು ಇಲಾಖೆಯ ಹುಡುಗ ವೆಲ್ಲಿಂಗ್ಟನ್ ಕೂ. ಚೀನೀ ಹೆಸರು ಗು ವೆಯ್‌ಜುನ್, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿಕೊಂಡು ಬಂದವರು.

ಮೇ 7ಕ್ಕೆ ಜಪಾನ್ ತಾಳ್ಮೆ ಕಳೆದುಕೊಂಡು ಗಡುವು ಕೊಟ್ಟಿತು. ಆದರೆ ಆ ಗಡುವಿನ ಕಾಗದದಲ್ಲಿ ಐದನೇ ಗುಂಪು ಇರಲಿಲ್ಲ. ಮುಂದೆ ನೋಡೋಣ ಅಂತ ಪಕ್ಕಕ್ಕೆ ಇಟ್ಟಿದ್ದರು. 9ಕ್ಕೆ ಚೀನಾ ಒಪ್ಪಿತು. 25ಕ್ಕೆ ಲು ಸಹಿ ಹಾಕಿದರು.

ಕಾಗದದ ಕೆಳಗೆ ಇರುವ ಹೆಸರು ಅವರದು, ಯುವಾನ್‌ದಲ್ಲ. ಬ್ಯಾಂಕಿನಲ್ಲೂ ಹಾಗೇ. ಸಾಲ ತಿಂದವರು ಒಬ್ಬರು, ನೋಟಿಸ್ ಬರುವುದು ಷೂರಿಟಿಗೆ.

ಸುಮ್ನೆ ಓದೋಳು

ಸರ್, ನಮ್ಮಪ್ಪ ಒಬ್ಬ ಸ್ನೇಹಿತರಿಗೆ ಹೀಗೇ ಷೂರಿಟಿ ಹಾಕಿದ್ರು. ಒಂಬತ್ತು ವರ್ಷ ಕಟ್ಟಿದ್ವಿ. ಅಪ್ಪನ ಸಹಿ ತುಂಬಾ ಚೆನ್ನಾಗಿತ್ತು, ಬಳ್ಳಿ ಥರ. ಆಮೇಲೆ ಅವರು ಹೆಸರನ್ನ ಸುಮ್ನೆ ಬಿಡಿ ಅಕ್ಷರದಲ್ಲಿ ಬರೆಯೋಕೆ ಶುರು ಮಾಡಿದ್ರು. ಯಾಕೆ ಅಂತ ನಾವ್ಯಾರೂ ಕೇಳಲಿಲ್ಲ.

ಸಾರಿ, ವಿಷಯ ಬಿಟ್ಟು ಹೋದೆ. ಪ್ಯಾರಿಸ್ ಹೇಳಿ.

ನಿವೃತ್ತ ಕ್ಯಾಷಿಯರ್

ವಿಷಯ ಬಿಟ್ಟಿಲ್ಲಮ್ಮ ನೀವು.

ಪ್ಯಾರಿಸ್. ಚೀನಾ 1917ರಲ್ಲಿ ಜರ್ಮನಿಯ ಮೇಲೆ ಯುದ್ಧ ಸಾರಿತ್ತು. ಸೈನ್ಯ ಕಳಿಸಲಿಲ್ಲ, ಆಳು ಕಳಿಸಿತು. ಸುಮಾರು 1,40,000 ಚೀನೀ ಕೂಲಿಗಳು ಫ್ರಾನ್ಸಿನಲ್ಲಿ ಕಂದಕ ತೋಡಿ, ಮದ್ದುಗುಂಡು ಹೊತ್ತು, ಹೆಣ ಹೂತು ದುಡಿದರು. ಗೆದ್ದವರ ಕಡೆ ನಿಂತಿದ್ದೇವೆ, ಜರ್ಮನಿ ಕಿತ್ತುಕೊಂಡಿದ್ದ ಶಾಂದೋಂಗ್ ಹಕ್ಕುಗಳು ನಮಗೆ ವಾಪಸ್ ಬರುತ್ತವೆ ಅಂತ ಚೀನೀಯರು ನಂಬಿದ್ದರು. ನಂಬದೆ ಏನು, ಕನ್‌ಫ್ಯೂಶಿಯಸ್ ಹುಟ್ಟಿದ ನೆಲ ಅದು.

ಶಾಂತಿ ಸಮ್ಮೇಳನಕ್ಕೆ ಅಂತ ಪ್ಯಾರಿಸ್‌ಗೆ ಬಂದರೆ ಮೊದಲ ಏಟು. ಐವರು ಬಂದಿದ್ದಾರೆ, ಕುರ್ಚಿ ಎರಡೇ. ಜಪಾನಿಗೆ ಐದು. ಆ ಎರಡು ಕುರ್ಚಿಗೆ ತಂಡದ ಒಳಗೇ ಜಗಳ. ಆಗ ಚೀನಾದಲ್ಲಿ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಸರ್ಕಾರ. ಉತ್ತರದ ಸರ್ಕಾರದವರು, ದಕ್ಷಿಣದ ಸರ್ಕಾರದ ವಾಂಗ್ ಝೆಂಗ್ತಿಂಗ್, ವಯಸ್ಸಿನಲ್ಲಿ ಚಿಕ್ಕವರಾದರೂ ಎಲ್ಲರಿಗಿಂತ ಚೆನ್ನಾಗಿ ಮಾತಾಡುವ ಕೂ. ಯಾರು ಎರಡನೆಯವರು, ಯಾರು ಮೂರನೆಯವರು? ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಕಿತ್ತಾಡಿದ ಹಾಗೆ. ಲುಗೆ ಸಾಕಾಗಿ ಮಾರ್ಚಿಯಲ್ಲಿ ಹೇಳದೆ ಕೇಳದೆ ಸ್ವಿಟ್ಜರ್ಲೆಂಡಿಗೆ ಹೋಗಿಬಿಟ್ಟರು. ಆಮೇಲೆ ವಾಪಸ್ ಬಂದರು. ಒರಟು ಮಾತಿನವರೇ, ಇದನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ, ಬೇಜಾರಿಲ್ಲ.

ಜನವರಿ 28ರಂದು ಕೂ ಮಾತಾಡಿದರು. ಕೈಯಲ್ಲಿ ಚೀಟಿ ಇಲ್ಲ, ಸುಮಾರು ಅರ್ಧ ಗಂಟೆ. ಎಲ್ಲರೂ ಭೇಷ್ ಅಂದರು. ಭೇಷ್‌ನಿಂದ ಏನಾಗುತ್ತೆ? ಶಾಂದೋಂಗ್ ಜಪಾನಿಗೇ ಸಿಗಲು ಬೆಂಬಲಿಸುತ್ತೇವೆ ಅಂತ ಬ್ರಿಟನ್ನೂ ಫ್ರಾನ್ಸೂ 1917ರಲ್ಲೇ ಗುಟ್ಟಾಗಿ ಮಾತು ಕೊಟ್ಟಾಗಿತ್ತು. ಅದಕ್ಕಿಂತ ಕೆಟ್ಟದ್ದು, 1918ರಲ್ಲಿ ಬೀಜಿಂಗ್ ಸರ್ಕಾರವೇ ಜಪಾನಿನಿಂದ ಸಾಲ ಎತ್ತುವ ಆಸೆಯಲ್ಲಿ ಶಾಂದೋಂಗ್ ಏರ್ಪಾಟಿಗೆ 'ಸಂತೋಷದಿಂದ ಒಪ್ಪಿದ್ದೇವೆ' ಅಂತ ಕಾಗದ ಬರೆದುಕೊಟ್ಟಿತ್ತು. ಜಪಾನಿನವರು ಆ ಕಾಗದ ತೆಗೆದು ಮೇಜಿನ ಮೇಲಿಟ್ಟರು. 1919ರ ಏಪ್ರಿಲ್ 30ಕ್ಕೆ ಅಮೆರಿಕದ ಅಧ್ಯಕ್ಷ ವಿಲ್ಸನ್ ಕೂಡ ಕೈಚೆಲ್ಲಿದರು. ಒಪ್ಪಂದದ 156ರಿಂದ 158ನೇ ಕಲಮುಗಳಲ್ಲಿ ಶಾಂದೋಂಗ್ ಜಪಾನಿಗೆ ಹೋಯಿತು.

ಬೀಜಿಂಗ್‌ಗೆ ಸುದ್ದಿ ಮುಟ್ಟಿದಾಗ ಆದದ್ದು ಮೇಷ್ಟ್ರಿಗೆ ಗೊತ್ತು.

ಇತಿಹಾಸ ಮೇಷ್ಟ್ರು

ಮೇ 4. ತಿಯಾನನ್‌ಮೆನ್ ಮುಂದೆ ಸುಮಾರು ಮೂರು ಸಾವಿರ ವಿದ್ಯಾರ್ಥಿಗಳು. ಜಪಾನಿನ ಪರ ಅಂತ ಹೆಸರಾಗಿದ್ದ ಮಂತ್ರಿ ಚಾವ್ ರುಲಿನ್ ಮನೆಗೆ ನುಗ್ಗಿ ಬೆಂಕಿ ಹಚ್ಚಿದರು. 'ಸಂತೋಷದಿಂದ ಒಪ್ಪಿದ್ದೇವೆ' ಕಾಗದಕ್ಕೆ ಸಹಿ ಮಾಡಿದ್ದ ಝಾಂಗ್ ಝೋಂಗ್‌ಶಿಯಾಂಗ್ ಅದೇ ಮನೆಯಲ್ಲಿ ಸಿಕ್ಕಿಬಿದ್ದು ಚೆನ್ನಾಗಿ ಒದೆ ತಿಂದರು. ಆಮೇಲೆ ಶಾಂಘೈನಲ್ಲಿ ಅಂಗಡಿ ಬಂದ್, ಕಾರ್ಖಾನೆ ಬಂದ್. ಆಧುನಿಕ ಚೀನಾದ ರಾಜಕೀಯ ಶುರುವಾಗಿದ್ದೇ ಅಲ್ಲಿಂದ ಅನ್ನುವವರು ಬಹಳ ಜನ.

ನಮ್ಮ ಕಡೆಯದೂ ಒಂದು ಮಾತು ಸೇರಿಸುತ್ತೇನೆ. ಅದೇ ವರ್ಸೇಲ್ಸ್ ಒಪ್ಪಂದಕ್ಕೆ ಭಾರತದ ಹೆಸರಿನಲ್ಲಿ ಎರಡು ಸಹಿ ಇವೆ. ಒಂದು ಬ್ರಿಟಿಷ್ ಮಂತ್ರಿ ಮಾಂಟೆಗು, ಇನ್ನೊಂದು ಬಿಕಾನೇರದ ಮಹಾರಾಜ ಗಂಗಾ ಸಿಂಗ್. ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರಿನಲ್ಲಿ ಹೈಫಾದಲ್ಲಿ ಕುದುರೆ ಓಡಿಸಿ ಗೆದ್ದದ್ದೂ ಅದೇ ಮಹಾಯುದ್ಧದಲ್ಲಿ. ಸ್ವಾತಂತ್ರ್ಯ ಇಲ್ಲದ ನಮ್ಮ ಸಹಿ ಅಲ್ಲಿದೆ. ಸ್ವತಂತ್ರ ದೇಶ ಚೀನಾದ್ದು ಇಲ್ಲ. ಬೇಡ ಅನ್ನುವ ಅವಕಾಶವಾದರೂ ಅವರಿಗಿತ್ತು.

ತೀರ್ಥಳ್ಳಿ ಹುಡುಗ

ಒಂದು ಹುಡುಗಿ ಗುಲಾಬಿ ಗಿಡದ ಕೊಂಬೆಯನ್ನ ಪಿಸ್ತೂಲ್ ಥರ ಹಿಡಿದು ಲು ಅವರನ್ನ ಹೆದರಿಸಿ ಸಹಿ ತಪ್ಪಿಸಿದ್ಳು ಅಂತ ಓದಿದ್ದೆ. ನಿಜಾನಾ?

ನಿವೃತ್ತ ಕ್ಯಾಷಿಯರ್

ಆ ಹುಡುಗಿ ಝೆಂಗ್ ಯುಶಿಯು. ಪ್ಯಾರಿಸ್‌ನಲ್ಲಿ ಕಾನೂನು ಓದುತ್ತಿದ್ದರು, ಮುಂದೆ ಹೆಸರಾಂತ ವಕೀಲೆ, ನ್ಯಾಯಾಧೀಶೆ. ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡ ಪ್ರಸಂಗ ಇದು. ಜೂನ್ 27ರ ರಾತ್ರಿ ಪ್ಯಾರಿಸ್ ಪಕ್ಕದ ಸೇಂಟ್-ಕ್ಲೂನಲ್ಲಿ ಲು ಇದ್ದ ಜಾಗವನ್ನು ಚೀನೀ ವಿದ್ಯಾರ್ಥಿಗಳು, ಕೂಲಿಗಳು ಸುತ್ತುವರಿದರು. ತೋಟದಲ್ಲಿ ಕೊಂಬೆ ಮುರಿದು ಕೋಟಿನ ತೋಳಿನಲ್ಲಿ ಬಚ್ಚಿಟ್ಟುಕೊಂಡು, ಪಿಸ್ತೂಲಿನ ಹಾಗೆ ತೋರಿಸಿದೆ ಅನ್ನುತ್ತಾರೆ.

ಕೂ ಅವರ ನೆನಪಿನಲ್ಲಿ ಅದೇ ರಾತ್ರಿ, ಅದೇ ತೋಟ. ಒಬ್ಬ ಹುಡುಗಿ, ಕೋಟಿನ ಜೇಬಿನಿಂದ ಗುರಿ. ಆದರೆ ಬೆವತು ನಿಂತಿದ್ದವರು ಲು ಅಲ್ಲ, ತಂಡದ ಕಾರ್ಯದರ್ಶಿ. ಯಾರ ಮಾತು ನಂಬುತ್ತೀರೋ ನೀವೇ ನೋಡಿ. ನನಗಂತೂ ಕಾರ್ಯದರ್ಶಿಯೇ ಇರಬೇಕು ಅನ್ನಿಸುತ್ತದೆ. ಕಥೆ ಹೇಳುತ್ತಾ ಹೋದ ಹಾಗೆ ಕಾರ್ಯದರ್ಶಿಗಳು ಮಂತ್ರಿಗಳಾಗುವುದು ಸಹಜ.

ಆ ಕೊನೆಯ ವಾರವೇ ಮುಖ್ಯ. ಚೀನಾದವರು ಮೊದಲು ಕೇಳಿದ್ದು, ಸಹಿ ಹಾಕುತ್ತೇವೆ, ಶಾಂದೋಂಗ್ ಕಲಮು ನಮಗೆ ಒಪ್ಪಿಗೆ ಇಲ್ಲ ಅಂತ ಒಪ್ಪಂದದಲ್ಲೇ ಒಂದು ಸಾಲು ಇರಲಿ. ಆಗಲ್ಲ ಅಂದರು. ಹೋಗಲಿ, ಕೊನೆಗೆ ಅನುಬಂಧವಾಗಿ ಇರಲಿ. ಆಗಲ್ಲ. ಬೇರೆ ಹಾಳೆಯಲ್ಲಿ ಬರೆದುಕೊಡುತ್ತೇವೆ, ತೆಗೆದುಕೊಳ್ಳಿ ಸಾಕು. ಅದೂ ಆಗಲ್ಲ. ಒಂದೊಂದೇ ಮೆಟ್ಟಿಲು ಇಳಿದು ಬಂದರು, ಕೊನೆಯ ಮೆಟ್ಟಿಲೂ ಮುಗಿಯಿತು.

ಬೀಜಿಂಗ್‌ನ ಆದೇಶ? ಮೊದಲು ಹಾಕಿ ಅಂದಿತ್ತು. ಆಮೇಲೆ ನಿಮಗೆ ತೋಚಿದಂತೆ ಮಾಡಿ ಅಂದಿತು. ಹಾಕಬೇಡಿ ಅನ್ನುವ ತಂತಿ ಬಂದು ತಲುಪಿದ್ದು ಎಲ್ಲ ಮುಗಿದ ಮೇಲೆ. ಅಂದರೆ ಜೂನ್ 28ರ ಮಧ್ಯಾಹ್ನ ಮೂರು ಗಂಟೆಗೆ ವರ್ಸೇಲ್ಸ್ ಅರಮನೆಯ ಕನ್ನಡಿ ಸಭಾಂಗಣದಲ್ಲಿ ಎಲ್ಲರೂ ಸಾಲಾಗಿ ಸಹಿ ಹಾಕುವಾಗ, ಚೀನಾದ ಎರಡು ಕುರ್ಚಿ ಖಾಲಿ ಇದ್ದದ್ದು ಆ ನಾಲ್ಕೈದು ಜನರ ಸ್ವಂತ ಹೊಣೆಯ ಮೇಲೆ. ಕೂ ಆ ಹೊತ್ತಿನಲ್ಲಿ ಕಾರಿನಲ್ಲಿ ಪ್ಯಾರಿಸ್ ಬೀದಿಗಳಲ್ಲಿ ಸುತ್ತುತ್ತಿದ್ದರಂತೆ, ಮೋಡ ಮುಚ್ಚಿದ ಆಕಾಶ ನೋಡುತ್ತಾ.

ಒರಟು ಮಾತು

ಹೊರಗೆ ಜನ ಬಡಿಗೆ ಹಿಡಿದು ನಿಂತಿದ್ದಾಗ ಸಹಿ ಹಾಕದೆ ಇರೋದು ಧೈರ್ಯ ಅಲ್ಲ ಸರ್.

ನಿವೃತ್ತ ಕ್ಯಾಷಿಯರ್

ಇರಬಹುದು. ಷೂರಿಟಿ ಹಾಕದೆ ಎದ್ದು ಹೋದ ನಾಲ್ಕೈದು ಜನರ ವಿಷಯ ಹೇಳಿದೆನಲ್ಲ, ಅದರಲ್ಲಿ ಇಬ್ಬರ ಹೆಂಡತಿಯರು ಬಾಗಿಲಲ್ಲೇ ನಿಂತಿದ್ದರು. ಆದರೂ ಹಾಕಲಿಲ್ಲ ಅನ್ನುವುದು ಲೆಕ್ಕಕ್ಕೆ ಬರುತ್ತದೆ, ಅಲ್ವಾ?

ಇನ್ನೊಂದು. ಸಹಿ ಹಾಕದಿದ್ದರೆ ರಾಷ್ಟ್ರಗಳ ಸಂಘದ (ಈಗಿನ ವಿಶ್ವಸಂಸ್ಥೆಗಿಂತ ಮುಂಚೆ ಇದ್ದದ್ದು) ಸದಸ್ಯತ್ವ ಹೋಗುತ್ತೆ ಅಂತ ಹೆದರಿಸುತ್ತಿದ್ದರು. ಆಸ್ಟ್ರಿಯಾ ಜೊತೆಗಿನ ಒಪ್ಪಂದದಲ್ಲೂ ಸಂಘದ ನಿಬಂಧನೆಗಳು ಸೇರಿದ್ದವು. ಸೆಪ್ಟೆಂಬರ್ 10ರಂದು ಲು ಅದಕ್ಕೆ ಸಹಿ ಹಾಕಿದರು. ಚೀನಾ ಆ ಬಾಗಿಲಿನಿಂದ ಒಳಗೆ ಹೋಯಿತು. ಶಾಂದೋಂಗ್ ವಾಪಸ್ ಕೊಡಲು 1922ರ ಫೆಬ್ರವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಜಪಾನ್ ಒಪ್ಪಿತು. ವರ್ಸೇಲ್ಸ್‌ನಲ್ಲಿ ಬರೆದುಕೊಟ್ಟಿದ್ದರೆ ಅದನ್ನು ಕೇಳಲು ಬಾಯಿ ಎಲ್ಲಿರುತ್ತಿತ್ತು?

1920ರ ಆರಂಭದಲ್ಲಿ ಲು ಹಡಗಿನಲ್ಲಿ ಶಾಂಘೈ ಹತ್ತಿರ ಬಂದಾಗ ದಡದಲ್ಲಿ ಸಾವಿರಾರು ಜನ. ಬಡಿಯಲು ಬಂದಿದ್ದಾರೆ ಅಂದುಕೊಂಡರೆ, ಕೈಯಲ್ಲಿದ್ದ ಬಾವುಟದ ಮೇಲೆ 'ಸಹಿ ಇಲ್ಲ' ಅಂತ ಬರೆದಿತ್ತು. ಸ್ವಾಗತಕ್ಕೆ ಬಂದವರು!

ಬೆಲ್ಜಿಯಂ ಬಿಸಿಬೇಳೆ

ಈಗ ತಾನೇ ಈ ಚರ್ಚೆ ನೋಡಿದೆ. ನಾನಿರೋದು ಗೆಂಟ್‌ನಲ್ಲಿ. ಆ ಮಠ ಬ್ರೂಜ್ ಊರಿನ ಹೊರಗೆ, ಸೇಂಟ್ ಆಂಡ್ರೂ ಮಠ, ಇಲ್ಲಿನವರು ಕರೆಯೋದು ಝೆವೆನ್‌ಕೆರ್ಕನ್ ಅಂತ. ಏಳು ಚರ್ಚು ಅಂತ ಅರ್ಥ. ಬ್ರೂಜ್‌ನಿಂದ ಸೈಕಲ್‌ನಲ್ಲಿ ಹೋಗಿದ್ದೆ ಒಮ್ಮೆ, ಎರಡೂ ಕಡೆ ಮರ, ಇಟ್ಟಿಗೆಯ ಗೋಡೆ. ಚೀನಾದ ಪ್ರಧಾನಿ ಇದ್ದ ಜಾಗ ಅಂತ ಗೊತ್ತೇ ಇರಲಿಲ್ಲ. ಹೇಗೆ ಬಂದು ಸೇರಿದರು ಇಲ್ಲಿಗೆ?

ನಿವೃತ್ತ ಕ್ಯಾಷಿಯರ್

ಹೆಂಡತಿಗೆ ಆರೋಗ್ಯ ಕೆಟ್ಟಿತು. ಅವರಿಗಾಗಿ 1922ರಲ್ಲಿ ಸ್ವಿಟ್ಜರ್ಲೆಂಡಿನ ರಾಯಭಾರಿ ಹುದ್ದೆ ಕೇಳಿ ಪಡೆದು ಬರ್ನ್‌ಗೆ ಹೋದರು. ಬರ್ತ್ 1926ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಶವಪೆಟ್ಟಿಗೆಯನ್ನು ಅವರ ದೇಶಕ್ಕೇ, ಬ್ರಸೆಲ್ಸ್‌ಗೆ ಒಯ್ದರು. ಮುಂದಿನ ವರ್ಷ ನೀವು ಹೇಳಿದ ಮಠದ ಬಾಗಿಲು ತಟ್ಟಿದರು. ವಯಸ್ಸು 56. ಹೊಸ ಹೆಸರು ಡೊಮ್ ಪಿಯೆರ್-ಸೆಲೆಸ್ಟಿನ್. ಸೆಲೆಸ್ಟಿನ್ ಅನ್ನುವುದು ಪೋಪ್ ಪದವಿ ಬಿಟ್ಟು ಎದ್ದು ಹೋದ ಒಬ್ಬ ಸನ್ಯಾಸಿಯ ಹೆಸರು ಕೂಡ. ಹೆಸರು ಚೆನ್ನಾಗಿಯೇ ಕೂತಿದೆ.

ಜೀವನಪೂರ್ತಿ ಸಹಿ ಹಾಕುತ್ತಿದ್ದದ್ದು ಫ್ರೆಂಚಿನಲ್ಲಿ, ಚೀನೀಯಲ್ಲಿ. ಈಗ ಲ್ಯಾಟಿನ್ ಬೇಕು. ಅದು ತಲೆಗೆ ಹತ್ತಲು ಕಷ್ಟ ಆಯಿತು. ಪಾದ್ರಿ ದೀಕ್ಷೆ ಸಿಕ್ಕಿದ್ದು 1935ರ ಜೂನ್ 29ಕ್ಕೆ, 64ನೇ ವಯಸ್ಸಿನಲ್ಲಿ.

ಸುಮ್ನೆ ಓದೋಳು

ಪಲಾಯನ ಅಂತ ಅನ್ನಿಸಲ್ವಾ ಸರ್ ನಿಮಗೆ?

ನಿವೃತ್ತ ಕ್ಯಾಷಿಯರ್

ಮೊದಲು ಅನ್ನಿಸಿತ್ತು. ಆದರೆ ಮಠದೊಳಗೆ ಹೋಗಿ ಬಾಯಿ ಮುಚ್ಚಿಕೊಂಡು ಕೂರಲಿಲ್ಲವಲ್ಲ. ಜಪಾನ್ ಚೀನಾಕ್ಕೆ ನುಗ್ಗಿದಾಗ ಯುರೋಪಿನವರಿಗೆ ತಿಳಿಹೇಳಲು ಬರೆದರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಮಠವನ್ನು ವಶಪಡಿಸಿಕೊಂಡು ಸನ್ಯಾಸಿಗಳನ್ನು ಹೊರಗಟ್ಟಿತು. ಆಗಲೂ ಈ ಮುದುಕ ಊರೂರಲ್ಲಿ ಪೂರ್ವ ದೇಶಗಳ ಬಗ್ಗೆ ಉಪನ್ಯಾಸ ಕೊಡುತ್ತಿದ್ದರು. ಜರ್ಮನ್ ಗುಪ್ತಚರರು ಹಿಂದಿನ ಬೆಂಚಿನಲ್ಲಿ ಕೂತು ಕೇಳಲು ಬಂದವರ ಹೆಸರು ಬರೆದುಕೊಳ್ಳುತ್ತಿದ್ದರು. 1945ರಲ್ಲಿ ಫ್ರೆಂಚಿನಲ್ಲಿ ನೆನಪುಗಳ ಪುಸ್ತಕ ತಂದರು. 1946ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅವರಿಗೆ ಗೌರವ ಮಠಾಧಿಪತಿ ಪದವಿ ಕೊಟ್ಟರು.

ಅಷ್ಟರ ಮೇಲೂ ಮನಸ್ಸು ಗುರುವಿನ ಮಾತಿನ ಮೇಲೆಯೇ. ಬೇರು ಸಿಕ್ಕರೆ ಚೀನಾಕ್ಕೆ ತೆಗೆದುಕೊಂಡು ಹೋಗು ಅಂದಿದ್ದರಲ್ಲ. ವಾಪಸ್ ಹೋಗಲು ತಯಾರಿ ನಡೆಸಿದರು. ಅಲ್ಲಿ ಅಂತರ್ಯುದ್ಧ. ಈಗ ಬೇಡ, ಸ್ವಲ್ಪ ತಾಳಿ ಅಂತ ಪ್ರಯಾಣ ಮುಂದಕ್ಕೆ ಹೋಯಿತು. 1949ರ ಜನವರಿ 15ಕ್ಕೆ ಬ್ರೂಜ್‌ನಲ್ಲಿ ತೀರಿಕೊಂಡರು. 77 ವರ್ಷ. ಅದೇ ದಿನ ಬೀಜಿಂಗ್ ಹತ್ತಿರದ ತಿಯಾನ್‌ಜಿನ್ ನಗರ ಕಮ್ಯುನಿಸ್ಟ್ ಸೈನ್ಯದ ಕೈಸೇರಿತು. ತಿಂಗಳ ಕೊನೆಗೆ ಬೀಜಿಂಗ್ ಕೂಡ.

ಇತಿಹಾಸ ಮೇಷ್ಟ್ರು

ಕೂ ಏನಾದರು ಅಂತ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. 1945ರ ಜೂನ್ 26ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಎಲ್ಲ ದೇಶಗಳಿಗಿಂತ ಮೊದಲು ಸಹಿ ಹಾಕಿದ್ದು ಚೀನಾ. ಹಾಕಿದ ಕೈ ವೆಲ್ಲಿಂಗ್ಟನ್ ಕೂ ಅವರದು. ಪೆನ್ನಿನಲ್ಲಿ ಅಲ್ಲ, ಚೀನೀ ಕುಂಚದಲ್ಲಿ. 1985ರವರೆಗೆ ಬದುಕಿದ್ದರು.

ಒರಟು ಮಾತು

ಕಾಯಿಲೆ ವಿಷಯದಲ್ಲಿ ನನ್ನ ಮಾತು ನನಗೆ. ಆದರೆ ಚಹಾ ಕುಡಿಸಿ ಕುಡಿಸಿ ಇಪ್ಪತ್ತೈದು ಸಭೆ ಎಳೆದಿದ್ದು ಗೊತ್ತಿರಲಿಲ್ಲ. ಅದಕ್ಕೆ ಒಂದು ಸಲಾಂ.

ಬೆಲ್ಜಿಯಂ ಬಿಸಿಬೇಳೆ

ಭಾನುವಾರ ಮಳೆ ಇಲ್ಲದಿದ್ದರೆ ಮತ್ತೆ ಸೈಕಲ್ ತೆಗೀತೀನಿ. ಅವರ ಕೈಬರಹದ್ದು ಏನಾದರೂ ಅಲ್ಲಿ ನೋಡೋಕೆ ಸಿಗುತ್ತಾ ಅಂತ ವಿಚಾರಿಸ್ತೀನಿ. ಸಿಕ್ಕರೆ ಫೋಟೋ ಹಾಕ್ತೀನಿ.

ನಿವೃತ್ತ ಕ್ಯಾಷಿಯರ್

ದಯವಿಟ್ಟು ಹಾಕಿಮ್ಮ. ಸಹಿ ಇದ್ದರೆ ಸ್ವಲ್ಪ ಹತ್ತಿರದಿಂದ ತೆಗೀರಿ.